ಸ್ಕ್ಯಾನರ್ ಕೆಂಪು ತೋರಿಸಿದಾಗ ನಾನು ಮೊದಲು ನೋಡುವುದು ಕೀಬೋರ್ಡ್

ಔಷಧಿಯ ಬಾಕ್ಸ್ ಅಸಲಿಯೋ ನಕಲಿಯೋ ಅಂತ ನೋಡುವ ಸ್ಕ್ಯಾನರ್ ಹಾಕಿದ ಮೊದಲ ವಾರ ನಮ್ಮ ಆಸ್ಪತ್ರೆಯ ಫಾರ್ಮಸಿಯಲ್ಲಿ ಬಾಕ್ಸಿನ ಮೇಲೆ ಬಾಕ್ಸ್ ಕೆಂಪು ತೋರಿಸುತ್ತಿತ್ತು. ಇಷ್ಟೊಂದು ನಕಲಿ ಔಷಧಿ ಇಟ್ಟುಕೊಂಡು ಕೂತಿದ್ದೇವಾ ಅಂತ ಎದೆ ಧಸಕ್ಕೆಂದಿತು. ಕಡೆಗೆ ನೋಡಿದರೆ ಕೌಂಟರಿನ ಕಂಪ್ಯೂಟರಿನಲ್ಲಿ ಕ್ಯಾಪ್ಸ್ ಲಾಕ್ ಆನ್ ಆಗಿತ್ತು, ಅಷ್ಟೇ.

ಬಾಕ್ಸಿನ ಮೇಲಿನ ಚೌಕದ ಕೋಡಿನಲ್ಲಿ ಉತ್ಪನ್ನದ ನಂಬರ್, ಬ್ಯಾಚ್, ಎಕ್ಸ್‌ಪೈರಿ, ಜೊತೆಗೆ ಆ ಒಂದು ಬಾಕ್ಸಿಗೆ ಮಾತ್ರ ಸೇರಿದ ಸೀರಿಯಲ್ ನಂಬರ್ ಇರುತ್ತದೆ. ಕಂಪನಿ ಇದನ್ನು ಮೊದಲೇ ಡೇಟಾಬೇಸಿಗೆ ಹಾಕಿರುತ್ತದೆ, ನಾವು ಸ್ಕ್ಯಾನ್ ಮಾಡಿದಾಗ ಕಂಪ್ಯೂಟರ್ ಅದರ ಜೊತೆ ತಾಳೆ ನೋಡುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2019ರ ಫೆಬ್ರವರಿ 9ರಿಂದ ಜಾರಿಯಲ್ಲಿರುವುದೂ ಇದೇ ಥರದ ವ್ಯವಸ್ಥೆ. ಆದರೆ ಸ್ಕ್ಯಾನರ್ ಕಂಪ್ಯೂಟರಿಗೆ ಕೀಬೋರ್ಡಿನ ಹಾಗೇ ಟೈಪ್ ಮಾಡಿ ಕೊಡುತ್ತದೆ ನೋಡಿ, ಕ್ಯಾಪ್ಸ್ ಲಾಕ್ ಆನ್ ಇದ್ದರೆ ಸೀರಿಯಲ್ ನಂಬರಿನ ದೊಡ್ಡಕ್ಷರ ಚಿಕ್ಕದಾಗಿ, ಚಿಕ್ಕದು ದೊಡ್ಡದಾಗಿ ಹೋಗಿ, ಅಂಥ ಬಾಕ್ಸೇ ಇಲ್ಲ ಅಂತ ಉತ್ತರ ಬರುತ್ತದೆ.

ಇನ್ನೊಂದು ಕಾಟ ಇದಕ್ಕಿಂತ ಜಾಸ್ತಿ ಸತಾಯಿಸಿತು. ಬ್ಯಾಚ್ ನಂಬರಿಗೂ ಸೀರಿಯಲ್ ನಂಬರಿಗೂ ಗೊತ್ತಾದ ಉದ್ದ ಇಲ್ಲ, 20 ಅಕ್ಷರದೊಳಗೆ ಎಷ್ಟಾದರೂ ಇರಬಹುದು. ಒಂದು ಎಲ್ಲಿ ಮುಗಿಯಿತು ಅಂತ ತಿಳಿಸಲು ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಸ್ಕ್ಯಾನರ್ ಸೆಟ್ಟಿಂಗ್ ಸರಿ ಇಲ್ಲದಿದ್ದರೆ ಅದು ಬಿದ್ದುಹೋಗಿ ಎರಡೂ ಅಂಟಿಕೊಳ್ಳುತ್ತವೆ. ಮತ್ತೆ ಕೆಂಪು.

ಸುಳ್ಳು ಕೆಂಪಿನ ನಿಜವಾದ ಅಪಾಯ ಏನು ಗೊತ್ತಾ? ಹತ್ತು ಸಲ ನೋಡಿದವರು ಹನ್ನೊಂದನೇ ಸಲ ಸುಮ್ನೆ ಓಕೆ ಒತ್ತಿಬಿಡುತ್ತಾರೆ. ನಾನೂ ಒತ್ತಿದ್ದೇನೆ. ಅದಕ್ಕೇ ಈಗ ಪ್ರತಿ ಶಿಫ್ಟಿನ ಶುರುವಿನಲ್ಲಿ ದೊಡ್ಡದು, ಚಿಕ್ಕದು ಎರಡೂ ಥರದ ಅಕ್ಷರ ಇರುವ ಪರೀಕ್ಷೆಯ ಕೋಡ್ ಒಂದನ್ನು ಓದಿಸಿ ನೋಡುತ್ತೇವೆ. ಅದು ಸರಿ ಬಂದ ಮೇಲೂ ಬಾಕ್ಸ್ ಕೆಂಪಾದರೆ, ರೋಗಿಗೆ ಮೊದಲೇ ಕೊಟ್ಟದ್ದು ಅಂತ ಡೇಟಾಬೇಸಿನಲ್ಲಿ ನಾವೇ ಗುರುತು ಹಾಕಿದ ಬಾಕ್ಸಾ ಅಂತ ನೋಡಿ, ಅಲ್ಲ ಅಂದರೆ ಫೋಟೋ ತೆಗೆದು ಬೀಗದ ಕಪಾಟಿಗೆ. ಸಪ್ಲೈಯರಿಗೆ ಅವಸರದಲ್ಲಿ ವಾಪಸ್ ಕಳಿಸುವುದಿಲ್ಲ, ನಿಜಕ್ಕೂ ನಕಲಿಯಾಗಿದ್ದರೆ ಸಾಕ್ಷಿಯೂ ಅದರ ಜೊತೆಗೇ ಹೋಗುತ್ತದೆ ಅಲ್ವಾ.

ಹಸಿರನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಒಮ್ಮೆ ಹಸಿರು ಬಂದ ಬಾಕ್ಸ್ ತೆರೆದರೆ ಒಳಗಿನ ಸ್ಟ್ರಿಪ್ಪಿನ ಬ್ಯಾಚ್ ನಂಬರೇ ಬೇರೆ. ವಿಚಾರಿಸಿದಾಗ ಗೊತ್ತಾಯಿತು, ವಾರ್ಡಿನಿಂದ ವಾಪಸ್ ಬಂದ ಸ್ಟ್ರಿಪ್ಪನ್ನು ನಮ್ಮವರೇ ಯಾರೋ ಅದರೊಳಗೆ ತುರುಕಿದ್ದರು. ನಕಲಿ ಅಲ್ಲ, ಸರಿ. ಆದರೆ ಖಾಲಿ ಬಾಕ್ಸಿಗೆ ಬೇರೆ ಏನಾದರೂ ತುಂಬಿದ್ದರೂ ಸ್ಕ್ಯಾನರ್ ಹಸಿರೇ ತೋರಿಸುತ್ತಿತ್ತು. ಅದು ಓದುವುದು ರಟ್ಟನ್ನು, ಮಾತ್ರೆಯನ್ನಲ್ಲ.

ಮಾತ್ರೆಯನ್ನೇ ನೋಡಲು ಕೈಯಲ್ಲಿ ಹಿಡಿಯುವ ರಾಮನ್ ಸ್ಕ್ಯಾನರ್ ಇದೆ. ಲೇಸರ್ ಬೆಳಕು ಬಿಟ್ಟು, ಚದುರಿ ಬಂದ ಬೆಳಕನ್ನು ಅಸಲಿ ಔಷಧಿಯ ದಾಖಲೆಯ ಜೊತೆ ಹೋಲಿಸುತ್ತದೆ. ಪಾರದರ್ಶಕ ಪ್ಯಾಕ್ ಆದರೆ ಒಡೆಯುವುದೂ ಬೇಡ. ನನಗೆ ಇಷ್ಟವಾದ ಯಂತ್ರ, ಆದರೆ ಔಷಧಿಯ ಅಂಶ ತೀರಾ ಕಡಿಮೆ ಇರುವ ಮಾತ್ರೆಯಲ್ಲಿ ಅದಕ್ಕೆ ಕಾಣುವುದು ಹೆಚ್ಚಾಗಿ ಒಳಗೆ ತುಂಬಿದ ಪುಡಿ ಮಾತ್ರ. ಅಂಥವನ್ನು ಲ್ಯಾಬಿಗೇ ಕಳಿಸುತ್ತೇವೆ, ವರದಿ ಬರುವವರೆಗೆ ಆ ಬ್ಯಾಚ್ ಕಪಾಟಿನಲ್ಲೇ ಇರುತ್ತದೆ.