ಒಬ್ಬನೇ ಮಗ, ಒಬ್ಬಳೇ ಮಗಳು: ಪಂಚಮಿಗೆ ಬೆನ್ನು ತೊಳೆಯುವವರು ಯಾರು?

ಶ್ರಾವಣ ಶುದ್ಧ ಪಂಚಮಿ, ಅಂದರೆ ನಾಗರ ಪಂಚಮಿಯ ದಿನ ತನಿ ಎರೆದು (ಹುತ್ತಕ್ಕೋ ನಾಗರಕಲ್ಲಿಗೋ ಹಾಲೆರೆದು) ಬಂದ ಮೇಲೆ ಅಕ್ಕತಂಗಿಯರು ಅಣ್ಣತಮ್ಮಂದಿರನ್ನು ಮಣೆಯ ಮೇಲೆ ಕೂರಿಸಿ, ಹೊಕ್ಕುಳಿಗೂ ಬೆನ್ನಿಗೂ ಹಾಲು ಸೋಕಿಸುವುದು ಹಳೇ ಮೈಸೂರು ಕಡೆಯ ಹಲವು ಮನೆಗಳ ರೂಢಿ. ಇದನ್ನೇ ಬೆನ್ನು ತೊಳೆಯುವುದು ಎನ್ನುತ್ತಾರೆ. ಒಂದೇ ಮಗುವಿರುವ ಮನೆಯಲ್ಲಿ ಹಾಲೂ ಇರುತ್ತದೆ, ಹೂವೂ ಇರುತ್ತದೆ, ಹಾಲು ಸೋಕಿಸುವ ಕೈ ಇರುವುದಿಲ್ಲ. ಆ ಕೈಯನ್ನು ಹುಡುಕುವುದೇ ಮೊದಲ ಕೆಲಸ. ಹಬ್ಬದ ಬೆಳಿಗ್ಗೆ ಹುಡುಕಿದರೆ ಸಿಗುವುದಿಲ್ಲ.

ಯಾರು ಆಗುತ್ತಾರೆ, ಯಾರು ಆಗುವುದಿಲ್ಲ

ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳು ಅಣ್ಣ, ತಮ್ಮ, ಅಕ್ಕ, ತಂಗಿಯರೇ. ದೊಡ್ಡಮ್ಮ, ಚಿಕ್ಕಮ್ಮನ ಮಕ್ಕಳೂ ಅಷ್ಟೇ. ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮಲ್ಲಿ ಅವರ ಜೊತೆ ಮದುವೆಯ ಸಂಬಂಧವೇ ಬೆಳೆಯಬಹುದು, ಹಾಗಾಗಿ ಹುಡುಗ ಭಾವನೋ ಮೈದುನನೋ ಆಗುತ್ತಾನೆ. ಹೆಚ್ಚಿನ ಮನೆಗಳಲ್ಲಿ ಎಡವುವುದು ಇಲ್ಲೇ. ಪೇಟೆಯ ಮಕ್ಕಳಿಗೆ ಎಲ್ಲರೂ ‘ಕಸಿನ್’, ಎಲ್ಲರ ಅಪ್ಪಂದಿರೂ ‘ಅಂಕಲ್’. ಮಗು ಹತ್ತಿರವಿದ್ದಾನೆಂದು ಮಾವನ ಮಗನನ್ನೇ ಕರೆದು ಕೂರಿಸುತ್ತದೆ, ಅಜ್ಜಿ ಹಾಲಿನ ಬಟ್ಟಲು ಎತ್ತಿಟ್ಟುಬಿಡುತ್ತಾರೆ.

ಸುಲಭವಾದ ಪರೀಕ್ಷೆ ಒಂದಿದೆ. ಆ ಹುಡುಗನ ಅಪ್ಪನನ್ನು ನೀವು ಕನ್ನಡದಲ್ಲಿ ಏನೆಂದು ಕರೆಯಬೇಕು? ದೊಡ್ಡಪ್ಪ, ಚಿಕ್ಕಪ್ಪ ಎಂದಾದರೆ ಅವನು ಅಣ್ಣನೋ ತಮ್ಮನೋ. ಮಾವ ಎಂದಾದರೆ ಅಲ್ಲ. ಗೋತ್ರ ಒಂದನ್ನೇ ನೋಡಿದರೆ ಸಾಲದು. ಚಿಕ್ಕಮ್ಮನ ಮಕ್ಕಳ ಗೋತ್ರ ಬೇರೆಯಾದರೂ ಅವರು ಒಡಹುಟ್ಟಿದವರ ಸಾಲಿನವರು.

ಅಪ್ಪ, ಅಮ್ಮ ಇಬ್ಬರೂ ಒಂಟಿ ಮಕ್ಕಳೇ ಆಗಿದ್ದರೆ ಒಂದು ತಲೆಮಾರು ಮೇಲೆ ಹೋಗಿ. ಅಜ್ಜನ ಅಣ್ಣತಮ್ಮಂದಿರ ಗಂಡುಮಕ್ಕಳು ನಿಮ್ಮ ಅಪ್ಪನಿಗೆ ಅಣ್ಣತಮ್ಮಂದಿರು, ಅಂದರೆ ನಿಮಗೆ ದೊಡ್ಡಪ್ಪ, ಚಿಕ್ಕಪ್ಪ. ಅಜ್ಜಿಯ ಅಕ್ಕತಂಗಿಯರ ಕಡೆಯೂ ಹೀಗೇ ಇಳಿಯಬಹುದು. ಒಂದು ಹಾಳೆಯಲ್ಲಿ ಬರೆದುಕೊಂಡರೆ ಅರ್ಧ ಗಂಟೆಯ ಕೆಲಸ. ಮದುವೆ ಮನೆಯಲ್ಲಿ ಮುಖ ಮಾತ್ರ ಗೊತ್ತಿದ್ದವರಲ್ಲಿ ಇಬ್ಬರು ಮೂವರಾದರೂ ಸಿಗುತ್ತಾರೆ.

ಕರೆಯುವುದು

ಕರೆಯಬೇಕಾದವಳಿಗೂ ಸ್ವಂತ ಅಣ್ಣನಿರಬಹುದು, ಅವಳ ಮನೆಯಲ್ಲೂ ಅದೇ ಬೆಳಿಗ್ಗೆ ಹಬ್ಬ. ಭೀಮನ ಅಮಾವಾಸ್ಯೆಗೆ ಮುಂಚೆಯೇ ಹೇಳಿಡಿ. ಅಲ್ಲಿಂದ ಪಂಚಮಿಗೆ ಐದೇ ದಿನ. ಅವರ ಮನೆಯಲ್ಲಿ ತನಿ ಚೌತಿಗೋ ಪಂಚಮಿಗೋ ಎಂದೂ ಕೇಳಿಕೊಳ್ಳಿ. ಅವರದು ಚೌತಿಗೆ, ನಿಮ್ಮದು ಪಂಚಮಿಗೆ ಆದರೆ ತೊಂದರೆಯೇ ಇಲ್ಲ. ಎರಡೂ ಒಂದೇ ದಿನವಾದರೆ ಮೊದಲು ಅವಳ ಮನೆ, ಆಮೇಲೆ ನಿಮ್ಮದು. ತನಿ ಎರೆಯುವವರೆಗೆ ಉಪವಾಸ ಇರುವವಳನ್ನು ಮಧ್ಯಾಹ್ನದವರೆಗೆ ಕಾಯಿಸಬೇಡಿ.

ಉತ್ತರ ಕರ್ನಾಟಕದಲ್ಲಿ ಪ್ರಶ್ನೆ ಬೇರೆ. ಅಲ್ಲಿ ಗಂಡನ ಮನೆಯಲ್ಲಿರುವ ಮಗಳನ್ನು ಅಣ್ಣ ಬಂದು ತವರಿಗೆ ಕರೆದೊಯ್ಯಬೇಕು. ಒಬ್ಬಳೇ ಮಗಳಾದರೆ ಅಪ್ಪನೋ ಚಿಕ್ಕಪ್ಪನ ಮಗನೋ ಹೋಗಬೇಕು. ಯಾರಾದರೂ ಎದುರು ನಿಂತು ಕರೆಯುವುದೇ ಮುಖ್ಯ, ಫೋನು ಸಾಲದು. ನಾಗರ ಪಂಚಮಿಗೆ ಮುಂಚೆ ಬರುವ ರೊಟ್ಟಿ ಪಂಚಮಿಗೆ ಮೊದಲೇ ಹೊರಡಿ, ಆಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಬೆನ್ನು ತೊಳೆಯುವಾಗ

ಬೇಕಾದ್ದು ಇಷ್ಟು: ಕಾಯಿಸದ ಹಾಲು ಕಾಲು ಲೋಟ, ತುಪ್ಪ ಅರ್ಧ ಚಮಚ, ಬಿಡಿ ಹೂ ನಾಲ್ಕೈದು, ಅರಿಶಿನ, ಕುಂಕುಮ, ಒಂದು ಹಳೇ ಟವೆಲ್. ತುಪ್ಪ ಗಟ್ಟಿಯಾಗಿದ್ದರೆ ಹಾಲಿನಲ್ಲಿ ಉಂಡೆಯಾಗಿ ತೇಲುತ್ತದೆ. ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ ಬೆರೆಸಿ. ಹುಡುಗ ಪೂರ್ವಕ್ಕೆ ಮುಖ ಮಾಡಿ ಕೂರಲಿ. ಹೂವನ್ನು ಹಾಲಿನಲ್ಲಿ ಅದ್ದಿ ಮೊದಲು ಹೊಕ್ಕುಳಿಗೆ, ಆಮೇಲೆ ಬೆನ್ನಿಗೆ ಮೂರು ಸಲ ಸೋಕಿಸಿ, ಹೊಟ್ಟೆ ತಣ್ಣಗಿರಲಿ, ಬೆನ್ನು ತಣ್ಣಗಿರಲಿ ಎಂದು ಹರಸಿದರೆ ಆಯಿತು. ಸುರಿಯುವ ಅಗತ್ಯವಿಲ್ಲ, ಸುರಿದರೆ ಮಣೆ ಜಾರುತ್ತದೆ. ಕೂತವನು ಏಳುವ ಮುಂಚೆ ತಾಂಬೂಲ, ದುಡ್ಡು ಕೊಡಬೇಕು. ಒಬ್ಬನೇ ಮಗನಿಗೆ ಇದರ ಅಭ್ಯಾಸವಿರುವುದಿಲ್ಲ, ಮೊದಲೇ ಕೈಗೆ ಕೊಟ್ಟಿರಿ.

ಹೆಣ್ಣುಮಗು ಒಬ್ಬಳೇ ಇದ್ದು ಅಣ್ಣನ ಸಾಲಿನವರು ಯಾರೂ ಬರದಿದ್ದರೆ, ಅಕ್ಕತಂಗಿಯ ಸಾಲಿನವರು ಪರಸ್ಪರ ಬೆನ್ನು ತೊಳೆದುಕೊಳ್ಳಲಿ. ಹಿರಿಯರಲ್ಲಿ ಒಬ್ಬಿಬ್ಬರು ಹುಬ್ಬೇರಿಸಬಹುದು, ಆದರೆ ಹರಸುವ ಮಾತಿನಲ್ಲಿ ಗಂಡು ಹೆಣ್ಣೆಂಬ ಭೇದವೇನೂ ಇಲ್ಲ.

ಚಿಗಳಿ

ಚಿಗಳಿ ಎಂದರೆ ಎಳ್ಳು, ಬೆಲ್ಲ ಕುಟ್ಟಿ ಕಟ್ಟುವ ಉಂಡೆ. ಹಬ್ಬದ ದಿನ ಹುರಿಯುವುದು, ಕರಿಯುವುದು ಇಲ್ಲದ ಮನೆಗಳಲ್ಲಿ ಎಳ್ಳನ್ನು ಹಿಂದಿನ ದಿನವೇ ಬೆಚ್ಚಗೆ ಮಾಡಿಡಿ. ಎಳ್ಳು 1 ಲೋಟ, ಪುಡಿ ಬೆಲ್ಲ ಮುಕ್ಕಾಲು ಲೋಟ, ಏಲಕ್ಕಿ 3. ಮಿಕ್ಸಿಯನ್ನು ಒಂದೇ ಸಮ ಓಡಿಸಿದರೆ ಎಳ್ಳು ಬಿಸಿಯೇರಿ ಎಣ್ಣೆ ಬಿಟ್ಟು ಅಂಟಾಗುತ್ತದೆ. ಎರಡೆರಡು ಸೆಕೆಂಡು ತಿರುಗಿಸಿ ನಿಲ್ಲಿಸಿ. ಬೆಲ್ಲವನ್ನು ಕೊನೆಗೆ ಹಾಕಿ. ಬಂದವಳ ಕೈಗೊಂದು ಡಬ್ಬಿ ಕಟ್ಟಿಕೊಡುವಷ್ಟು ಮಾಡಿ, ಮುಂದಿನ ವರ್ಷವೂ ಕರೆಯಬೇಕಲ್ಲ.

ಒಬ್ಬರೇ ಆಡುವ ಆಟ

ಜೋಕಾಲಿಗೆ ಜೊತೆ ಬೇಕು, ಕೊಬ್ಬರಿ ಬಟ್ಟಲಿಗೆ ಬೇಡ. ಚೆನ್ನಾಗಿ ಒಣಗಿದ ಬಟ್ಟಲಿನ ನಡುವೆ ಒಂದು ಸೆಂಟಿಮೀಟರ್ ಅಂತರದಲ್ಲಿ ಎರಡು ತೂತು ಮಾಡಿ, ಒಂದು ಮೀಟರ್ ಗಟ್ಟಿ ದಾರ ಪೋಣಿಸಿ ತುದಿ ಗಂಟು ಹಾಕಿ. ಎರಡೂ ಕೈಯಲ್ಲಿ ಹಿಡಿದು ಹುರಿ ಮಾಡಿ ಎಳೆದು ಸಡಿಲಿಸಿದರೆ ಗಿರ್ರನೆ ತಿರುಗುತ್ತದೆ. ತೂತುಗಳು ತೀರಾ ಹತ್ತಿರವಾದರೆ ನಡುವಿನ ಕೊಬ್ಬರಿ ಕಿತ್ತುಬರುತ್ತದೆ. ನಡುವಿನಿಂದ ಸರಿದರೆ ವಾಲಾಡುತ್ತದೆ.

ದೂರ ಇರುವವರು

ಬೆನ್ನು ತೊಳೆಯುವುದನ್ನು ವಿಡಿಯೋದಲ್ಲಿ ಮಾಡಲಾಗದು. ಹತ್ತು ದಿನ ಬಿಟ್ಟು ಬರುವ ನೂಲ ಹುಣ್ಣಿಮೆಗೆ ರಾಖಿ ಕಳುಹಿಸಿ. ಹೊರದೇಶಕ್ಕಾದರೆ ಮೂರು ವಾರ ಮುಂಚೆ ಅಂಚೆಗೆ ಹಾಕಿ, ದಾರ ಮತ್ತು ಬಟ್ಟೆಯ ರಾಖಿಯೇ ಇರಲಿ. ಆಸ್ಟ್ರೇಲಿಯಾದಂಥ ಕಡೆ ಅಕ್ಷತೆ, ರುದ್ರಾಕ್ಷಿ, ತುಳಸಿಮಣಿ ಇದ್ದ ಲಕೋಟೆ ತಪಾಸಣೆಯಲ್ಲೇ ನಿಲ್ಲಬಹುದು.