ಪೆಟ್ಟು ತಿಂದ ತಲೆ, ಸಣ್ಣ ಅಳತೆಯ ಧ್ಯಾನ

ತಲೆಗೆ ಪೆಟ್ಟು ಬಿದ್ದ ಮಾಜಿ ಯೋಧರಿಗೆ ನಾನು ಯೋಗ, ಧ್ಯಾನ ಹೇಳಿಕೊಡುತ್ತೇನೆ. ತರಗತಿ ಶುರುವಾಗುವ ಮುಂಚೆ ನಾನು ಮಾಡುವ ಮೊದಲ ಕೆಲಸ ಟ್ಯೂಬ್‌ಲೈಟ್ ಆರಿಸುವುದು. ನಮ್ಮ ಗಮನಕ್ಕೇ ಬಾರದ ಅದರ ಮಿನುಗು ತಲೆಗೆ ಪೆಟ್ಟು ಬಿದ್ದವರ ಕಣ್ಣನ್ನು ಚುಚ್ಚುತ್ತದೆ, ಸ್ವಲ್ಪ ಹೊತ್ತಿಗೆಲ್ಲ ತಲೆನೋವು ಏಳುತ್ತದೆ. ಪರದೆಗಳನ್ನು ಅರ್ಧ ಎಳೆದು, ಮೂಲೆಯ ಹಳದಿ ದೀಪ ಹಚ್ಚುತ್ತೇನೆ. ಕುರ್ಚಿಗಳ ಬೆನ್ನು ಗೋಡೆಗೆ, ಬಾಗಿಲು ಎಲ್ಲರ ಕಣ್ಣೆದುರಿಗೆ. ಯುದ್ಧಭೂಮಿಯಿಂದ ಬಂದವರ ಬೆನ್ನ ಹಿಂದೆ ಯಾರಾದರೂ ಓಡಾಡುತ್ತಿದ್ದರೆ ಧ್ಯಾನದ ಮಾತು ಅಲ್ಲಿಗೇ ಮುಗಿಯಿತು. ಊದುಬತ್ತಿ ಹಚ್ಚುವುದಿಲ್ಲ, ಗಂಟೆ ಬಾರಿಸುವುದಿಲ್ಲ, ಕೊಳಲಿನ ಧ್ವನಿಮುದ್ರಣವೂ ಬೇಡ. ಟೇಬಲ್ ಫ್ಯಾನ್ ಮಾತ್ರ ಚಳಿಗಾಲದಲ್ಲೂ ತಿರುಗುತ್ತಿರುತ್ತದೆ. ಅದರ ಸದ್ದು ನನಗೆ ಬೇಕು. ಇಲ್ಲಿಗೆ ಬರುವ ಅನೇಕರ ಕಿವಿಯಲ್ಲಿ ಹಗಲೂ ರಾತ್ರಿ ಗುಂಯ್‌ಗುಡುವ ಶಬ್ದವಿದೆ. ಅವರನ್ನು ಪೂರ್ತಿ ನಿಶ್ಶಬ್ದದಲ್ಲಿ ಕೂರಿಸಿದರೆ ಕೇಳುವುದು ಅದೊಂದೇ.

ನಾನಿರುವುದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ. ನೌಕಾಪಡೆ ಮತ್ತು ಮರೀನ್ ಪಡೆಯ ಊರು ಇದು. ಅಂಗಡಿಯಲ್ಲಿ ನಮ್ಮ ಹಿಂದೆ ಸರದಿಯಲ್ಲಿ ನಿಂತವರು ಮಾಜಿ ಯೋಧರಾಗಿರುವುದು ಇಲ್ಲಿ ವಿಶೇಷವೇನಲ್ಲ. ಬೆಂಗಳೂರಿನ ಹೊರಗೆ ಜಿಗಣಿಯ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದಲ್ಲಿ ಯೋಗ ಕಲಿತು, ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕೆಲವು ಕಾಲ ಎಲ್ಲರಂತೆ ಸಮುದಾಯ ಭವನದಲ್ಲಿ ಆಸನ ಹೇಳಿಕೊಡುತ್ತಿದ್ದೆ. ಅಮೆರಿಕದ ಮಾಜಿ ಯೋಧರ ಆರೋಗ್ಯ ಇಲಾಖೆ 2017ರಲ್ಲಿ ಯೋಗ, ಧ್ಯಾನ, ತೈ ಚಿ, ಅಕ್ಯುಪಂಕ್ಚರ್ ಮೊದಲಾದವನ್ನು ತನ್ನ ವೈದ್ಯಕೀಯ ಸೌಲಭ್ಯಗಳ ಪಟ್ಟಿಗೆ ಸೇರಿಸಿತು. ಆಮೇಲೆ ನನ್ನಂಥವರಿಗೂ ಬಾಗಿಲು ತೆರೆಯಿತು. ಫಿಸಿಯೋಥೆರಪಿಯವರು ಕಳುಹಿಸಿದವರನ್ನು ಮಾತ್ರ ನಾನು ಸೇರಿಸಿಕೊಳ್ಳುತ್ತೇನೆ. ವೈದ್ಯರ ಒಪ್ಪಿಗೆ ಇಲ್ಲದೆ ಒಬ್ಬರನ್ನೂ ಕೂರಿಸುವುದಿಲ್ಲ.

ಬರುವವರ ಕಾಯಿಲೆಯ ಹೆಸರು ಕನ್ಕಷನ್. ತಲೆಗೆ ಪೆಟ್ಟು ಬಿದ್ದೋ ಸ್ಫೋಟದ ಅಲೆಗೆ ಸಿಕ್ಕಿಯೋ ಮೆದುಳು ಬುರುಡೆಯೊಳಗೆ ಅಲುಗಿ ಆಗುವ ಗಾಯ ಅದು. ಪ್ರಜ್ಞೆ ತಪ್ಪಿದ್ದು ಅರ್ಧ ಗಂಟೆಯೊಳಗಿದ್ದು, ನೆನಪು ಮಸುಕಾದದ್ದು ಒಂದು ದಿನ ಮೀರದೆ, ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೆ ವೈದ್ಯರು ಅದನ್ನು ಸೌಮ್ಯ ಗಾಯವೆಂದು ಬರೆಯುತ್ತಾರೆ. ಆ ಸೌಮ್ಯ ಎನ್ನುವುದನ್ನು ಅನುಭವಿಸುವವರ ಹೆಂಡತಿಯರನ್ನು ಕೇಳಬೇಕು! ತಲೆನೋವು, ತಲೆಸುತ್ತು, ಬೆಳಕು ಕಂಡರಾಗದು, ನಿದ್ದೆ ಇಲ್ಲ, ಸಾಲನ್ನು ಓದಿ ಮುಗಿಸುವಷ್ಟರಲ್ಲಿ ಮೊದಲು ಮರೆತಿರುತ್ತದೆ, ಸಣ್ಣದಕ್ಕೆಲ್ಲ ಸಿಡುಕು. ಹೆಚ್ಚಿನವರಿಗೆ ಇವು ಕೆಲವೇ ವಾರಗಳಲ್ಲಿ ಇಳಿಯುತ್ತವೆ. ನನ್ನ ಬಳಿ ಬರುವವರು ಇಳಿಯದೆ ಉಳಿದವರು. 2000ದಿಂದ ಈಚೆಗೆ ಅಮೆರಿಕದ ಸೇನೆಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಗೆ ಮೆದುಳಿನ ಗಾಯ ಪತ್ತೆಯಾಗಿದೆ, ಅದರಲ್ಲಿ ಬಹುಪಾಲು ಈ ಸೌಮ್ಯ ಬಗೆಯದು. ಎಲ್ಲವೂ ಇರಾಕ್, ಅಫ್ಘಾನಿಸ್ತಾನದ ನೆಲಬಾಂಬ್‌ಗಳಿಂದ ಆದವು ಎಂದು ನಾನೂ ಅಂದುಕೊಂಡಿದ್ದೆ. ನಿಜವಾಗಿ ಹೆಚ್ಚಿನವು ತರಬೇತಿ, ಆಟೋಟ, ವಾಹನ ಅಪಘಾತ, ಬೀಳುವಿಕೆಗಳಲ್ಲಿ ಆದವು. ಭುಜದ ಮೇಲಿಟ್ಟು ಹಾರಿಸುವ ರಾಕೆಟ್‌ಗಳನ್ನು ವರ್ಷಗಟ್ಟಲೆ ಹಾರಿಸಿದವರೂ ಇದ್ದಾರೆ. ಅಂಥವರಿಗೆ ಯಾವ ದಿನ ಪೆಟ್ಟಾಯಿತೆಂದು ಬೆರಳಿಟ್ಟು ತೋರಿಸಲೂ ಬರುವುದಿಲ್ಲ.

ಜಿಗಣಿಯಲ್ಲಿ ಕಲಿತದ್ದನ್ನು ಇಂಥವರ ಮುಂದೆ ಇಡುವ ಮೊದಲು ಅರ್ಧಕ್ಕಿಂತ ಹೆಚ್ಚನ್ನು ತೆಗೆದೆ. ತಲೆ ಎದೆಗಿಂತ ಕೆಳಗೆ ಹೋಗುವ ಯಾವ ಆಸನವೂ ಬೇಡ: ಪಾದಹಸ್ತಾಸನ, ಶಶಾಂಕಾಸನ, ಅಧೋಮುಖ ಶ್ವಾನಾಸನ, ಸರ್ವಾಂಗಾಸನ ಹೋದವು. ತಲೆಯೊಳಗೆ ಒತ್ತಡ ಏರಿದಂತಾಗಿ ಅವರಿಗೆ ನೋವು ಬಡಿಯಲಾರಂಭಿಸುತ್ತದೆ. ಕುತ್ತಿಗೆ ಹಿಂದಕ್ಕೆ ಚೆಲ್ಲುವ ಉಷ್ಟ್ರಾಸನವೂ ಹೋಯಿತು. ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟುವ ಕುಂಭಕ ಖಂಡಿತ ಇಲ್ಲ. ಕಣ್ಣು ಮುಚ್ಚಿ ಎನ್ನುವುದನ್ನೂ ಬಿಟ್ಟೆ. ಒಳಗಿವಿಯ ಸಮತೋಲನ ಕೆಟ್ಟವರು ನೆಟ್ಟಗೆ ನಿಲ್ಲುವುದು ಕಣ್ಣಿನ ಆಸರೆಯಿಂದ. ಕಣ್ಣು ಮುಚ್ಚಿಸಿದರೆ ಆ ಆಸರೆ ತಪ್ಪಿ ಕೋಣೆ ತಿರುಗುತ್ತದೆ. ಹಾಗಾಗಿ ಎದುರು ಗೋಡೆಗೆ, ಕೂತವರ ಕಣ್ಣಿನ ಮಟ್ಟಕ್ಕೆ, ನೀಲಿ ಟೇಪಿನ ತುಂಡು ಅಂಟಿಸಿರುತ್ತೇನೆ. ನೋಟ ಅಲ್ಲಿರಲಿ ಎಂದರೆ ಸಾಕು.

ಉಳಿದದ್ದರಲ್ಲಿ ಬೆನ್ನೆಲುಬಾದದ್ದು ಆವರ್ತನ ಧ್ಯಾನ. ಡಾ. ಎಚ್.ಆರ್. ನಾಗೇಂದ್ರ ಅವರು ಎಸ್-ವ್ಯಾಸದಲ್ಲಿ ರೂಪಿಸಿದ ಈ ಅಭ್ಯಾಸ ಗೌಡಪಾದರ ಮಾಂಡೂಕ್ಯ ಕಾರಿಕೆಯ ಒಂದು ಶ್ಲೋಕದ ಮೇಲೆ ನಿಂತಿದೆ: 'ಲಯೇ ಸಂಬೋಧಯೇತ್ ಚಿತ್ತಂ ವಿಕ್ಷಿಪ್ತಂ ಶಮಯೇತ್ ಪುನಃ'. ಮಂಕು ಕವಿದ ಮನಸ್ಸನ್ನು ಎಬ್ಬಿಸು, ಚದುರಿದ್ದನ್ನು ಮತ್ತೆ ತಣಿಸು. ಕಲಿಯುವಾಗ ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ ಅಷ್ಟೆ. ಈ ಕೋಣೆಯಲ್ಲಿ ಕೂತವರನ್ನು ನೋಡಿದಾಗ, ಅವರನ್ನೇ ಎದುರಿಗಿಟ್ಟುಕೊಂಡು ಬರೆದಂತೆ ಕಂಡಿತು. ಸುಮ್ಮನೆ ಕೂರಿಸಿದರೆ ಒಬ್ಬರು ತೂಕಡಿಸುತ್ತಾರೆ, ಪಕ್ಕದವರ ಕಾಲು ನಡುಗತೊಡಗುತ್ತದೆ. ಸ್ವಲ್ಪ ಚಲನೆ, ಸ್ವಲ್ಪ ವಿಶ್ರಾಂತಿ, ಮತ್ತೆ ಚಲನೆ ಎಂದು ಕೊಟ್ಟರೆ ಇಬ್ಬರೂ ನಿಭಾಯಿಸುತ್ತಾರೆ. ಕುರ್ಚಿಯ ಬೆನ್ನು ಹಿಡಿದು ತಾಡಾಸನ, ತೀರ ನಿಧಾನವಾಗಿ ಒಂದು ಬದಿಗೆ ಅರ್ಧಕಟಿಚಕ್ರಾಸನ, ಕೂತು ಎರಡು ನಿಮಿಷ ಪಾದಗಳ ಮೇಲೆ ಗಮನ, ಎದ್ದು ಇನ್ನೊಂದು ಬದಿ. ಇಡೀ ತರಗತಿ ನಲವತ್ತು ನಿಮಿಷ ಮೀರುವುದಿಲ್ಲ. ಮಾಡಬೇಕಾದದ್ದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಮುದ್ರಿಸಿ ಕೊಟ್ಟಿರುತ್ತೇನೆ. ನೆನಪಿಟ್ಟುಕೊಳ್ಳಿ ಎಂದು ಹೇಳುವುದು ಇಲ್ಲಿ ಕ್ರೌರ್ಯ.

ಅದೇ ಶ್ಲೋಕದ ಕೊನೆಯ ಪಾದ 'ಸಮಪ್ರಾಪ್ತಂ ನ ಚಾಲಯೇತ್'. ಸಮಸ್ಥಿತಿಗೆ ಬಂದದ್ದನ್ನು ಅಲುಗಿಸಬೇಡ. ನನ್ನ ಮಟ್ಟಿಗೆ ಈ ಕೆಲಸದ ಕಷ್ಟವೆಲ್ಲ ಇರುವುದು ಇಲ್ಲೇ. ಯೋಧರಿಗೆ ಸಾಕು ಎನ್ನಲು ಬರುವುದಿಲ್ಲ. ನೋವೆಂದರೆ ದೇಹ ಬಿಟ್ಟು ಹೊರಟಿರುವ ದೌರ್ಬಲ್ಯ ಎಂಬ ಘೋಷಣೆಯನ್ನು ಹೊತ್ತು ಬೆಳೆದವರು ಮರೀನರು. ಧ್ಯಾನವನ್ನೂ ಅವರು ಕವಾಯತಿನಂತೆ ಗೆಲ್ಲಲು ನೋಡುತ್ತಾರೆ. ಹಾಗಾಗಿ ಸಂಖ್ಯೆಯ ಮೊರೆ ಹೋದೆ. ಸೊನ್ನೆಯಿಂದ ಹತ್ತರವರೆಗೆ ನಿಮ್ಮ ತಲೆನೋವು, ತಲೆಸುತ್ತು ಈಗ ಎಷ್ಟು? ಬಂದಾಗ ಹೇಳಿದ್ದಕ್ಕಿಂತ ಎರಡು ಅಂಕಕ್ಕೂ ಮೀರಿ ಏರಿದರೆ ಆ ದಿನಕ್ಕೆ ಮುಗಿಯಿತು. ಇದು ನನ್ನ ಸ್ವಂತ ಲೆಕ್ಕವಲ್ಲ. ಕನ್ಕಷನ್ ಆದವರಿಗೆ ಲಘು ವ್ಯಾಯಾಮ ಕೊಡುವಾಗ ವೈದ್ಯರು ಇದೇ ಮಿತಿಯನ್ನು ಬಳಸುತ್ತಾರೆ. ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೆಯ ಪದ್ಧತಿ ಈಗ ಹೋಗಿದೆ. ಒಂದೆರಡು ದಿನ ಮಿತವಾದ ವಿಶ್ರಾಂತಿ, ಆಮೇಲೆ ಲಕ್ಷಣ ಕೆರಳದಷ್ಟು ಚಟುವಟಿಕೆ ಎನ್ನುವುದು 2022ರ ಆಮ್‌ಸ್ಟರ್‌ಡಾಮ್ ಸಮ್ಮೇಳನದಿಂದ ಬಂದ ತಜ್ಞರ ಸಲಹೆ.

ನಮ್ಮಲ್ಲಿ ಒಬ್ಬ ನಿವೃತ್ತ ಗನರಿ ಸಾರ್ಜೆಂಟ್ ಇದ್ದಾರೆ. ಆ ದರ್ಜೆಯವರನ್ನು ಮರೀನರು ಗನ್ನಿ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ದವಡೆ ಬಿಗಿದುಕೊಂಡು ಬೆವರುತ್ತಿದ್ದರೂ ಅವರ ಉತ್ತರ ಒಂದೇ.

"ಈಗ ಎಷ್ಟು, ಗನ್ನಿ?"

"ಮೂರು, ಮೇಡಂ."

"ನಿಮ್ಮ ಕೈಕೆಳಗಿನ ಹುಡುಗನೊಬ್ಬ ಈ ಮುಖ ಹೊತ್ತು ಮೂರು ಎಂದಿದ್ದರೆ ಏನು ಮಾಡುತ್ತಿದ್ದಿರಿ?"

"ಡಾಕ್ ಹತ್ತಿರ ಕಳಿಸುತ್ತಿದ್ದೆ." ಡಾಕ್ ಎಂದರೆ ಪಡೆಯ ಜೊತೆಗಿರುವ ವೈದ್ಯಕೀಯ ಸಹಾಯಕ. ಸ್ವಲ್ಪ ಹೊತ್ತು ಬಿಟ್ಟು, "ಆರು ಎಂದು ಬರೆದುಕೊಳ್ಳಿ."

ತಮ್ಮ ನೋವಿಗೆ ಬೆಲೆ ಕೊಡದವರು ತಮ್ಮವರ ನೋವಿಗೆ ಕೊಡುತ್ತಾರೆ. ಹೊಸಬರು ಬಂದಾಗ ಈಗ ಅಂಕ ಕೇಳುವ ಕೆಲಸವನ್ನು ಗನ್ನಿಗೇ ಒಪ್ಪಿಸಿದ್ದೇನೆ. ಅವರೆದುರು ಯಾರೂ ಸುಳ್ಳು ಹೇಳುವುದಿಲ್ಲ.

ಈ ಕ್ಷಣದ ಅನುಭವವನ್ನು ಸುಮ್ಮನೆ ಗಮನಿಸುವ ಮೈಂಡ್‌ಫುಲ್‌ನೆಸ್ ಎಂದರೆ ಇಲ್ಲಿ ಎಲ್ಲರಿಗೂ ನೆನಪಾಗುವುದು ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿದ ಎಂಟು ವಾರಗಳ ಕ್ರಮ. ಅದರ ಹೆಸರಾಂತ ಅಭ್ಯಾಸ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ತಿನ್ನುವುದು. ಇದನ್ನೂ ನಾನು ಮಾಡಿಸುವುದಿಲ್ಲ. ತಲೆಯ ಪೆಟ್ಟಿನಿಂದ ವಾಸನೆಯ ನರಕ್ಕೆ ಏಟಾಗಿ ಘ್ರಾಣಶಕ್ತಿ ಕಳೆದುಕೊಂಡವರಿರುತ್ತಾರೆ. ಅದರೊಂದಿಗೆ ರುಚಿಯೂ ಹೋಗಿರುತ್ತದೆ. ಮೂಸಿ ನೋಡಿ ಎಂದರೆ ಅವರಿಗೆ ಕಳೆದುಕೊಂಡದ್ದನ್ನೇ ತೋರಿಸಿದಂತೆ. ದ್ರಾಕ್ಷಿಯ ಬದಲು ಕಡಲತೀರದಿಂದ ಆಯ್ದ ನುಣುಪುಗಲ್ಲುಗಳ ಬುಟ್ಟಿ ಇದೆ. ತೂಕ, ತಂಪು, ಅಂಗೈಯಲ್ಲಿ ಅದು ಮೆಲ್ಲನೆ ಬೆಚ್ಚಗಾಗುವುದು, ಇಷ್ಟನ್ನು ಗಮನಿಸಿದರೆ ಆಯಿತು. ಕಲ್ಲನ್ನು ಜೇಬಿಗೆ ಹಾಕಿಕೊಂಡು ಹೋಗುವವರು ಬಹಳ, ಹಾಗಾಗಿ ಬುಟ್ಟಿಯನ್ನು ಆಗಾಗ ತುಂಬಬೇಕಾಗುತ್ತದೆ.

ಉಸಿರಿನ ವಿಷಯಕ್ಕೂ ಎಚ್ಚರ ಬೇಕು. ಹೊರಬಿಡುವ ಉಸಿರನ್ನು ಉದ್ದ ಮಾಡಿ, ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಸಿದರೆ ಹೆಚ್ಚಿನವರಿಗೆ ಎದೆಬಡಿತ ತಣಿಯುತ್ತದೆ. ಆದರೆ ಉಸಿರು ಕಟ್ಟಿದ ನೆನಪು ಇರುವವರಿಗೆ ಉಸಿರನ್ನು ಗಮನಿಸುವುದೇ ಭಯ. ಅವರಿಗೆ ಪಾದ, ಇಲ್ಲವೇ ಕಲ್ಲು. ಉಸಿರು ಬಿಡುತ್ತ ದುಂಬಿಯಂತೆ ಝೇಂಕರಿಸುವ ಭ್ರಾಮರಿ ಕೆಲವರಿಗೆ ಕಿವಿಯ ಗುಂಯ್‌ಗಾಟವನ್ನು ಮುಚ್ಚುತ್ತದೆ, ಕೆಲವರಿಗೆ ತಲೆಯೊಳಗೆ ಕಂಪಿಸಿ ನೋವು ತರುತ್ತದೆ. ಎರಡು ಸಲ ಮಾಡಿಸಿ ಅಂಕ ಕೇಳಿ ಮುಂದುವರಿಯುತ್ತೇನೆ.

ಎಲ್ಲರೂ ಇಷ್ಟಪಡುವುದು ಯೋಗನಿದ್ರೆಯನ್ನು. ಮನಶ್ಶಾಸ್ತ್ರಜ್ಞ ರಿಚರ್ಡ್ ಮಿಲ್ಲರ್ ಇದನ್ನು ಐರೆಸ್ಟ್ ಎಂಬ ಹೆಸರಿನಲ್ಲಿ ಹೊಂದಿಸಿದ್ದು, ಇರಾಕ್ ಯುದ್ಧದ ದಿನಗಳಲ್ಲಿ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಅದನ್ನು ಯೋಧರ ಮೇಲೆ ಪ್ರಯೋಗಿಸಿ ನೋಡಿದರು. ನಾನು ಅದರಿಂದ ಕಡಲು, ಕಾಡು, ಬೆಟ್ಟದ ಚಿತ್ರಗಳನ್ನು ಊಹಿಸಿಕೊಳ್ಳುವ ಭಾಗವನ್ನು ಕೈಬಿಟ್ಟಿದ್ದೇನೆ. ಯಾರ ಬೆಟ್ಟದಲ್ಲಿ ಏನು ಅಡಗಿದೆಯೋ ಯಾರು ಬಲ್ಲರು? ಬಲಗೈ ಹೆಬ್ಬೆರಳು, ತೋರುಬೆರಳು ಎಂದು ಅಂಗಾಂಗ ಸುತ್ತುವುದಷ್ಟೇ ಉಳಿದಿದೆ. ಮಲಗಲು ಒಲ್ಲದವರು ಒರಗುಕುರ್ಚಿಯಲ್ಲೇ ಇರಬಹುದು. ಗೊರಕೆ ಹೊಡೆದರೆ ಎಬ್ಬಿಸುವುದಿಲ್ಲ. ಮನೆಯಲ್ಲಿ ರಾತ್ರಿಯಿಡೀ ಕಣ್ಣು ಮುಚ್ಚದವರು ಇಲ್ಲಿ ಹದಿನೈದು ನಿಮಿಷ ನಿದ್ದೆ ಮಾಡಿದರೆ ನನ್ನ ಪಾಠ ಕೆಡುವುದೇನೂ ಇಲ್ಲ.

ಮೆದುಳಿನ ಗಾಯ ಇದರಿಂದ ಮಾಯುತ್ತದೆ ಎಂದು ನಾನು ಎಲ್ಲೂ ಹೇಳಿಲ್ಲ. ಹಾಗೆ ಹೇಳುವ ಜಾಹೀರಾತುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಿದ್ದೆ, ದಣಿವು, ಖಿನ್ನತೆಗಳಲ್ಲಿ ಸುಧಾರಣೆ ತೋರಿಸಿದ ಅಧ್ಯಯನಗಳಿವೆ, ಅವುಗಳಲ್ಲಿ ಹೆಚ್ಚಿನವು ಸಣ್ಣವು. ನನ್ನ ಕಣ್ಣಿಗೆ ಕಂಡದ್ದೂ ಅಷ್ಟೇ: ತಲೆನೋವು ಇರುತ್ತದೆ, ಅದರ ಜೊತೆ ಬರುತ್ತಿದ್ದ ಗಾಬರಿ ಕಡಿಮೆಯಾಗುತ್ತದೆ. ನೋವು ಒಮ್ಮೆಲೇ ಜೋರಾದರೆ, ವಾಂತಿಯಾದರೆ, ಮಾತು ತೊದಲಿದರೆ ತರಗತಿ ನಿಲ್ಲಿಸಿ ತುರ್ತು ಚಿಕಿತ್ಸೆಗೆ ಕಳುಹಿಸುತ್ತೇನೆ. ಬದುಕು ಸಾಕೆಂಬ ಮಾತು ಬಂದರೆ ಉಪದೇಶ ಮಾಡದೆ, ಮಾಜಿ ಯೋಧರ ಸಹಾಯವಾಣಿಗೆ, ಅಂದರೆ 988 ಒತ್ತಿ ಆಮೇಲೆ 1ಕ್ಕೆ, ಪಕ್ಕದಲ್ಲಿ ಕೂತೇ ಕರೆ ಮಾಡಿಸುತ್ತೇನೆ. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ಪಟಾಕಿಯ ವಾರದಲ್ಲಿ ತರಗತಿಯನ್ನು ಸಂಜೆಯಿಂದ ಬೆಳಿಗ್ಗೆಗೆ ಬದಲಿಸುತ್ತೇನೆ.

ಮೈಸೂರಿನ ಗೆಳತಿಯೊಬ್ಬಳು, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಿಗೆ ಇದನ್ನು ಹೇಳಿಕೊಡಬಹುದೇ ಎಂದು ಕೇಳಿದ್ದಳು. ವೈದ್ಯರು ಒಪ್ಪಿದರೆ ಧಾರಾಳವಾಗಿ ಎಂದೆ. ನಮ್ಮಲ್ಲಿ ತಲೆಪೆಟ್ಟಿಗೆ ರಸ್ತೆ ಅಪಘಾತವೇ ದೊಡ್ಡ ಕಾರಣ. ಅವಳಿಗೆ ನನ್ನ ಹಾಳೆಯನ್ನು ಕಳುಹಿಸುವಾಗ ಕೆಳಗೆ ಕೈಬರಹದಲ್ಲಿ ಸೇರಿಸಿದ್ದು ಎರಡೇ ಮಾತು: ನೆಲದ ಮೇಲೆ ಚಕ್ಕಳಮಕ್ಕಳ ಕೂರುವ ರೂಢಿ ಇದ್ದರೂ ಮೊದಮೊದಲು ಕುರ್ಚಿಯೇ ಇರಲಿ, ನೆಲದಿಂದ ಏಳುವಾಗಲೇ ತಲೆ ಸುತ್ತುವುದು. ಮುಗಿದ ಕೂಡಲೇ ಯಾರನ್ನೂ ಗಾಡಿ ಹತ್ತಲು ಬಿಡಬೇಡ, ಹತ್ತು ನಿಮಿಷ ಕೂರಿಸಿ ಅಂಕ ಕೇಳಿ ಕಳುಹಿಸು.