ಮೊಬೈಲ್‌ನಲ್ಲಿ ಓದು ಮೂರನೇ ವಾರಕ್ಕೇ ನಿಂತುಹೋಗದಂತೆ ಏನು ಮಾಡಬೇಕು?

ಸೆಮಿಸ್ಟರ್ ಶುರುವಾದಾಗ ಎಲ್ಲರೂ ಒಂದು ಓದಿನ ಆ್ಯಪ್ ಹಾಕಿಕೊಳ್ಳುತ್ತಾರೆ. ಪರೀಕ್ಷೆ ಹತ್ತಿರ ಬರುವಷ್ಟರಲ್ಲಿ ಅದನ್ನು ತೆರೆಯುವವರೇ ಕಡಿಮೆ. ಇದನ್ನು ಸೋಮಾರಿತನ ಅನ್ನಬೇಡಿ. ಅಂದುಕೊಂಡಿದ್ದು ಒಂದು, ಸಿಕ್ಕಿದ್ದು ಇನ್ನೊಂದು, ಅದಕ್ಕೇ ಕೈಬಿಟ್ಟರು.

2001ರಲ್ಲಿ ಅನೋಲ್ ಭಟ್ಟಾಚಾರ್ಜಿ ಎಂಬ ಸಂಶೋಧಕರು ಆನ್‌ಲೈನ್ ಬ್ಯಾಂಕಿಂಗ್ ಬಳಸುವವರನ್ನು ಅಧ್ಯಯನ ಮಾಡಿ ತೋರಿಸಿದ್ದೂ ಇದನ್ನೇ. ಅಂದುಕೊಂಡಷ್ಟು ಸಿಕ್ಕಿತಾ, ಉಪಯೋಗ ಆಯ್ತಾ, ಸಮಾಧಾನ ಆಯ್ತಾ, ಇವುಗಳ ಮೇಲೆ ಮುಂದೆಯೂ ಬಳಸುತ್ತಾರಾ ಇಲ್ವಾ ಅನ್ನೋದು ನಿಲ್ಲುತ್ತದೆ. ಮೊಬೈಲ್ ಕಲಿಕೆಯ ಬಗ್ಗೆ ಆಮೇಲೆ ನಡೆದ ಎಷ್ಟೋ ಅಧ್ಯಯನಗಳು ಇದೇ ದಾರಿ ಹಿಡಿದಿವೆ.

ಹಾಗಾಗಿ ಮೊದಲು ಗುರಿಯನ್ನು ಚಿಕ್ಕದು ಮಾಡಿಕೊಳ್ಳಿ. ‘ಇಡೀ ಅಂಕಿಅಂಶ ಶಾಸ್ತ್ರ ಫೋನಿನಲ್ಲೇ ಮುಗಿಸ್ತೀನಿ’ ಅಂತ ಹೊರಟರೆ ಹತ್ತು ದಿನಕ್ಕೆ ಬೇಜಾರಾಗುತ್ತದೆ. ‘ಭಾನುವಾರದೊಳಗೆ ಸ್ಟ್ಯಾಂಡರ್ಡ್ ಡೀವಿಯೇಶನ್ ಲೆಕ್ಕ ನೋಟ್ಸ್ ನೋಡದೆ ಮಾಡಬೇಕು’ ಅಂದುಕೊಳ್ಳಿ. ಭಾನುವಾರ ಹಾಳೆಯ ಮೇಲೆ ಮಾಡಿ ನೋಡಿ. ಬಂತು ಅಂದರೆ ಆ ಆ್ಯಪ್ ಮೇಲೆ ನಂಬಿಕೆ ಬರುತ್ತದೆ. ನಾಳೆ ಅದನ್ನು ಮತ್ತೆ ತೆರೆಸುವುದು ಆ ನಂಬಿಕೆಯೇ.

ಇನ್ನು ಫೋನಿನಲ್ಲಿ ಏನು ಮಾಡುತ್ತೀರಿ ಅನ್ನೋದು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ತುಂಬಾ ಜನ ಸುಮ್ನೆ ವಿಡಿಯೋ ನೋಡುತ್ತಾರೆ, ನೋಡುವಾಗ ಎಲ್ಲಾ ಅರ್ಥವಾದ ಹಾಗೇ ಇರುತ್ತದೆ, ಕಿರುಪರೀಕ್ಷೆಯಲ್ಲಿ ಪೆನ್ನು ಹಿಡಿದಾಗ ಏನೂ ನೆನಪಾಗದೆ ‘ಈ ಆ್ಯಪ್‌ನಿಂದ ಪ್ರಯೋಜನ ಇಲ್ಲ’ ಅಂತ ತೆಗೆದುಹಾಕುತ್ತಾರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ವಿದ್ಯಾರ್ಥಿಗಳ ಮೇಲೇ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಪಾಠವನ್ನು ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರೇ ಮುಂದೆ. ಅದಕ್ಕೇ ಹೇಳ್ತೀನಿ, ಕ್ಲಾಸ್ ಮುಗಿದ ದಿನವೇ ಐದು ಪ್ರಶ್ನೆಗೆ, ಒಂದು ಬದಿ ಪ್ರಶ್ನೆ ಇನ್ನೊಂದು ಬದಿ ಉತ್ತರ ಇರುವಂತೆ, ನೀವೇ ಫ್ಲ್ಯಾಶ್‌ಕಾರ್ಡ್ ಮಾಡಿ. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಉತ್ತರ ಹೇಳಿ ನೋಡಿ. ಬೇರೆಯವರು ಮಾಡಿಟ್ಟ ಕಾರ್ಡ್‌ಗಿಂತ ನಿಮಗೆ ಅನುಮಾನ ಇದ್ದ ಜಾಗದಲ್ಲೇ ಹುಟ್ಟಿದ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುತ್ತದೆ. ಉದ್ದದ ಲೆಕ್ಕ, ಡೆರಿವೇಶನ್ ಮಾತ್ರ ಕಾಗದದ ಮೇಲೇ ಇರಲಿ, ಚಿಕ್ಕ ಪರದೆ ಅದಕ್ಕಲ್ಲ.

ಸಮಯ ಹೊಂದಿಸುವುದಕ್ಕಿಂತ, ಈಗಾಗಲೇ ದಿನಾ ಮಾಡುವ ಒಂದು ಕೆಲಸಕ್ಕೆ ಓದನ್ನು ಗಂಟುಹಾಕಿ. ಬಸ್ಸಿನಲ್ಲಿ ಸೀಟು ಸಿಕ್ಕ ತಕ್ಷಣ ಐದು ಕಾರ್ಡ್, ಅಷ್ಟೇ. ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಕೂರಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಬೇಕು ಅಂತ ಕಂಡಿತು, ನಡುವಿನ ಲೆಕ್ಕ 66. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲ ಅನ್ನೋದೂ ಅದರಲ್ಲೇ ಇದೆ. ಆದ್ದರಿಂದ ಆ್ಯಪ್‌ನಲ್ಲಿ ಸತತ ದಿನಗಳ ಎಣಿಕೆ ಸೊನ್ನೆಗೆ ಬಿದ್ದರೆ ಬೇಸರ ಮಾಡ್ಕೋಬೇಡಿ, ಮರುದಿನ ಕೂತರೆ ಆಯ್ತು.

ಚಿಕ್ಕ ಚಿಕ್ಕ ತೊಡಕುಗಳೂ ಓದನ್ನು ನಿಲ್ಲಿಸುತ್ತವೆ. ಪಾಠಗಳನ್ನು ವೈಫೈ ಇರುವಾಗಲೇ ಇಳಿಸಿಕೊಳ್ಳಿ. ಆ್ಯಪ್ ಮೊದಲ ಪರದೆಯಲ್ಲೇ ಇರಲಿ. ಓದುವಾಗ ಮೆಸೇಜ್‌ಗಳ ನೋಟಿಫಿಕೇಶನ್ ಬಂದ್ ಮಾಡಿ.

ಜೊತೆಗೆ ಒಬ್ಬ ಗೆಳೆಯ ಅಥವಾ ಗೆಳತಿ ಇರಲಿ. ವಾರಕ್ಕೊಮ್ಮೆ ನಿಮ್ಮ ಪ್ರಶ್ನೆ ಅವರಿಗೆ, ಅವರ ಪ್ರಶ್ನೆ ನಿಮಗೆ. ಪಾಠ ಮಾಡುವವರು ಇದನ್ನು ಓದುತ್ತಿದ್ದರೆ ಒಂದು ಮಾತು: ಆ್ಯಪ್‌ನಲ್ಲಿ ಇರುವುದು ನಿಮ್ಮ ಕ್ಲಾಸಿಗೂ ಪರೀಕ್ಷೆಗೂ ಸಂಬಂಧವೇ ಇಲ್ಲದಿದ್ದರೆ ಮಕ್ಕಳು ಅದನ್ನು ತೆರೆಯುವುದಿಲ್ಲ, ಯಾಕೆ ತೆರೆಯಬೇಕು ಹೇಳಿ?

ಇಷ್ಟೆಲ್ಲಾ ಮಾಡಿ ಎರಡು ವಾರವಾದರೂ ಭಾನುವಾರದ ಹಾಳೆಯಲ್ಲಿ ವ್ಯತ್ಯಾಸ ಕಾಣದಿದ್ದರೆ, ಆ ಆ್ಯಪ್ ನಿಮಗಲ್ಲ. ತೆಗೆದುಹಾಕಿ, ಬೇರೆ ನೋಡಿ. ನೀವು ಮಾಡಿದ ಪ್ರಶ್ನೆಗಳನ್ನು ಮಾತ್ರ ಮೊದಲೇ ಬರೆದಿಟ್ಟುಕೊಳ್ಳಿ.